ಕೆಂಪು ಬಿಲ್ಲೆ

ನನ್ನ ಹೆಬ್ಬೆರಳಿಗೆ ಕೆಂಪು ಅಂಟಿತು.

ಅಂಟಬಾರದಿತ್ತು. ಲಸಿಕೆಯ ಪೆಟ್ಟಿಗೆಯ ಮೇಲಿರುವ ದುಂಡು ಬಿಲ್ಲೆ ವಿಕಿರಣ ತಾಗಿದಾಗ ಹಳದಿಯಿಂದ ಕೆಂಪಾಗುತ್ತದೆ. ಆ ಕೆಂಪು ಕಾಗದದ ಒಳಗಿನದು, ಎಷ್ಟು ಉಜ್ಜಿದರೂ ಕೈಗೆ ಬರುವಂಥದ್ದಲ್ಲ. ನಾನು ಮತ್ತೊಮ್ಮೆ ಉಜ್ಜಿ ಮೂಸಿ ನೋಡಿದೆ. ಕುಂಕುಮ, ಅದಕ್ಕೆ ಕಲಸಿದ ಎಣ್ಣೆ. ಅಷ್ಟು ಹೊತ್ತಿಗೆ ಆ ಪೆಟ್ಟಿಗೆಯ ಲಸಿಕೆ ಕುರುಬರ ಹಟ್ಟಿಯ ಎಲ್ಲರ ತೋಳಿಗೂ ಇಳಿದಾಗಿತ್ತು. ಎಲ್ಲರಿಗಿಂತ ಮೊದಲು ನನ್ನ ಅತ್ತೆಯ ತೋಳಿಗೆ.

ನಾನು ಮಂದಾಕಿನಿ. ಹಾವೇರಿ ಸೀಮೆಯ ಲಸಿಕಾ ಕೇಂದ್ರವೊಂದರಲ್ಲಿ ಡಾಕ್ಟರು. ನಮ್ಮ ಕಾಲದ ಪಿಡುಗು ಏರಿಳಿ ಜ್ವರ. ಹಿಂದೆ ಅದು ಕುರಿ ಮೇಕೆಗಳ ಹಸಿಹಾಲಿನಿಂದ, ಈದ ಕುರಿಯ ಮಾಸು ಮುಟ್ಟಿದ ಕೈಯಿಂದ ಮನುಷ್ಯರಿಗೆ ಬರುತ್ತಿತ್ತು. ಈಗಿನ ತಳಿ ಉಸಿರಿನಿಂದ ಉಸಿರಿಗೆ ದಾಟುತ್ತದೆ. ತಿಂಗಳುಗಟ್ಟಲೆ ಏರಿ ಇಳಿದು, ಕೊನೆಗೆ ಬೆನ್ನುಮೂಳೆಯಲ್ಲಿ ಕೂರುತ್ತದೆ. ಇದನ್ನು ಹಿಡಿಯುವುದು ಕಷ್ಟ. ನಮ್ಮ ಮೈಯನ್ನು ಕಾಯುವ ರಕ್ತಕಣಗಳ ಹೊಟ್ಟೆಯೊಳಗೇ ಹೊಕ್ಕು ಮನೆ ಮಾಡುವ ಜಾತಿ ಇದು. ಕಳ್ಳ ಪೊಲೀಸ್ ಠಾಣೆಯಲ್ಲೇ ಚಾಪೆ ಹಾಸಿ ಮಲಗಿದರೆ ದೂರು ಕೊಡುವುದು ಯಾರಿಗೆ?

ಸತ್ತ ರೋಗಾಣುವನ್ನು ಲಸಿಕೆಯಾಗಿ ಕೊಟ್ಟರೆ ಅದು ಆ ಕಣಗಳ ಒಳಗೆ ಹೋಗುವುದೇ ಇಲ್ಲ, ಮೈ ಪಾಠ ಕಲಿಯುವುದೂ ಇಲ್ಲ. ಬದುಕಿದ್ದನ್ನು ಕೊಟ್ಟರೆ ರೋಗವನ್ನೇ ಕೊಟ್ಟಂತಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂದರೆ ಉಳಿದದ್ದು ವಿಕಿರಣದ ದಾರಿ. ಕೋಬಾಲ್ಟಿನ ಕಿರಣ ತಕ್ಕ ಪ್ರಮಾಣದಲ್ಲಿ ತಾಗಿದ ರೋಗಾಣು ಕೂಡಲೇ ಸಾಯುವುದಿಲ್ಲ. ಉಸಿರಾಡುತ್ತದೆ, ಉಣ್ಣುತ್ತದೆ, ಕಣದೊಳಗೆ ನುಗ್ಗುತ್ತದೆ. ವಂಶದ ಎಳೆ ತುಂಡಾಗಿರುವುದರಿಂದ ಮರಿ ಹಾಕಲಾರದು, ಅಷ್ಟೇ. ನಾಲ್ಕು ದಿನ ಒಂಟಿಯಾಗಿ ಒಳಗಿದ್ದು, ಮೈಗೆ ತನ್ನ ಪರಿಚಯ ಮಾಡಿಕೊಟ್ಟು ಹೋಗಿಬಿಡುತ್ತದೆ.

ಆದರೆ ಒಂದು ಕೊಕ್ಕೆ ಇದೆ. ಕಿರಣ ತಾಗಿದ್ದಕ್ಕೂ ತಾಗದ್ದಕ್ಕೂ ಜೀವ ಇದೆಯೇ ಎಂದು ಪರೀಕ್ಷೆ ಮಾಡಿದರೆ ಎರಡೂ ಇದೆ ಎನ್ನುತ್ತವೆ. ಮರಿ ಹಾಕುತ್ತೀಯಾ ಎಂದು ಕೇಳಬೇಕಾದರೆ ಗಾಜಿನ ತಟ್ಟೆಯಲ್ಲಿ ಮೇವು ಹಾಕಿ ಎರಡು ವಾರಕ್ಕೂ ಮೇಲೆ ಕಾಯಬೇಕು. ಈ ಪ್ರಾಣಿ ಅಷ್ಟು ಸೋಮಾರಿ. ಅಷ್ಟರಲ್ಲಿ ಲಸಿಕೆಯ ರೋಗಾಣು ಮುದಿಯಾಗಿ ಕೆಲಸಕ್ಕೆ ಬಾರದಂತಾಗಿರುತ್ತದೆ. ಹಾಗಾಗಿ ನಾವು ಕಾಯುವುದಿಲ್ಲ. ಬಿಲ್ಲೆ ಕೆಂಪಾಗಿದ್ದರೆ ಚುಚ್ಚು, ಹಳದಿಯಾಗಿದ್ದರೆ ಮುಟ್ಟಬೇಡ. ಇಡೀ ಸೀಮೆಯ ಪ್ರಾಣ ನಾಣ್ಯದಗಲದ ಒಂದು ಕಾಗದವನ್ನು ನಂಬಿಕೊಂಡಿತ್ತು.

ಕಿರಣ ಹಾಯಿಸಲು ನಮ್ಮಲ್ಲಿ ಬೇರೆ ಯಂತ್ರವಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಚೀಲಗಳಿಗೆ ಹುಳ ಬೀಳದಂತೆ ಕಿರಣ ಹಾಯಿಸುವ ಕಾರ್ಖಾನೆಯಲ್ಲೇ ನಮ್ಮ ಪೆಟ್ಟಿಗೆಗಳೂ ಸುತ್ತು ಹಾಕಿ ಬರುತ್ತಿದ್ದವು. ನನ್ನ ಗಂಡ ಶಂಭುಲಿಂಗ ಅಲ್ಲಿನ ಕಂಟ್ರೋಲ್ ರೂಮಿನಲ್ಲಿ ಕೂರುವವರು. ಲಸಿಕೆಗೆ ಖಾರದ ಘಾಟು ಹತ್ತಿರುತ್ತದೆ ಎಂದು ಜನ ನಗುತ್ತಿದ್ದರು.

ನಗುತ್ತಿದ್ದರು, ಆದರೆ ನಂಬುತ್ತಿರಲಿಲ್ಲ. ಹಟ್ಟಿಯ ಹಿರಿಯ ಮಾಳಿಂಗಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಒಂದೇ ಮಾತು ಹೇಳಿದ್ದ: "ಡಾಕ್ಟ್ರವ್ವಾ, ಅಡಿಗಿ ಮಾಡಿದವ್ರ ಮನಿಯಾವ್ರು ಮೊದಲ ತುತ್ತು ಉಣ್ಣಲಿ. ಆಮ್ಯಾಲ ನಾವು ಕೈ ತೊಳಕೊಂತೇವಿ." ನ್ಯಾಯವಾದ ಮಾತು. ನಾನೂ ಶಂಭುವೂ ಮೊದಲೇ ಲಸಿಕೆ ಹಾಕಿಸಿಕೊಂಡವರು. ಮನೆಯಲ್ಲಿ ಉಳಿದಿದ್ದವಳು ಅತ್ತೆ ನೀಲಗಂಗವ್ವ. "ಮೊದಲ ತುತ್ತ ಅಂದ್ರ ಬಿಡ್ತೇನೇನು?" ಎಂದು ಆಕೆ ತಾನಾಗಿಯೇ ಜೀಪು ಹತ್ತಿದಳು.

ಅತ್ತೆಗೆ ಹುಟ್ಟಿದಾಗಿನಿಂದ ಕಣ್ಣಿಲ್ಲ. ಕಿವಿಯೇ ಅವಳ ಸಂಸಾರ. ಚಪ್ಪಲಿಯ ಸದ್ದಿನಲ್ಲಿ ಬಂದವರ ಹೆಸರು ಹೇಳುತ್ತಾಳೆ. ಕುದಿಯುವ ನೀರಿನ ಸದ್ದು ಕೇಳಿ ಅಕ್ಕಿ ಹಾಕುತ್ತಾಳೆ. ನನ್ನ ಉಸಿರಿನಲ್ಲೇ ಸಿಟ್ಟು ಹಿಡಿದು, "ಇವತ್ತ ಯಾರ ಮ್ಯಾಲ?" ಎನ್ನುತ್ತಾಳೆ. ಮಾವ ಎಷ್ಟೋ ವರ್ಷದ ಹಿಂದೆ ಮನೆಬಿಟ್ಟು ಹೋದವರು. ಇದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕುಂಕುಮ ಯಾಕೆ ಹಚ್ಚುತ್ತೀ ಎಂದು ಕೆಣಕಿದವರಿಗೆ, "ಸತ್ತ ಸುದ್ದಿ ನೀ ತಂದಿಯೇನು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು. ಬೆಳ್ಳಿಯ ಕುಂಕುಮ ಭರಣಿ ಸದಾ ಅವಳ ಸೊಂಟದ ಸಂಚಿಯಲ್ಲಿ ಇರುತ್ತಿತ್ತು.

ವಿಜಯದಶಮಿಯ ಬೆಳಿಗ್ಗೆ ಹಟ್ಟಿಯ ಪಕ್ಕದ ಕಲ್ಯಾಣ ಮಂಟಪದಲ್ಲಿ ಲಸಿಕೆ ಹಾಕಿದೆವು. ಅತ್ತೆ ಮೊದಲು, ಆಮೇಲೆ ಮಾಳಿಂಗಪ್ಪ, ಆಮೇಲೆ ಹೆಂಗಸರು ಮಕ್ಕಳು. ಮುಗಿದ ಮೇಲೆ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು ಬಂಗಾರದಂಗ ಇರೋಣು ಎಂದುಕೊಳ್ಳುತ್ತಿದ್ದಾಗ ಶಂಭುವಿನ ಫೋನು ಬಂತು.

"ಮಂದಾ, ಆ ಪೆಟ್ಟಿಗಿ ಇನ್ನೂ ತೆಗದಿಲ್ಲ, ಹೌದಿಲ್ಲೋ?"

"ತೆಗದು, ಚುಚ್ಚಿ, ಬನ್ನಿನೂ ಹಂಚಿ ಆತು. ಯಾಕ್ರಿ?"

ಆ ಕಡೆ ಕಂಟ್ರೋಲ್ ರೂಮಿನ ಯಂತ್ರಗಳು ಗುಂಯ್ ಎನ್ನುತ್ತಿದ್ದವು. ಶಂಭು ಅಂದರು, "ನಿನ್ನೆ ನಿಮ್ಮ ಪೆಟ್ಟಿಗಿ ಎರಡ ಬಂದಿದ್ವು. ಒಂದ ಪೆಟ್ಟಿಗಿ ಅಷ್ಟ ಕಿರಣದ ಸುತ್ತು ಹಾಕೇತಿ. ಎರಡನೇದ ಒಳಗ ಕಳಸೂದ್ರಾಗ ಪೂಜಿಗೆ ಅಯ್ಯನವ್ರು ಬಂದ್ರು ಅಂತ ಕೋಬಾಲ್ಟ್ ನೀರಿಗೆ ಇಳಿಸಿ ಕಿರಣ ನಿಲ್ಲಿಸಿಬಿಟ್ವಿ. ಇಲ್ಲಿ ಉಳದ ಪೆಟ್ಟಿಗಿ ನೋಡಿದ್ರ ಅದರ ಬಿಲ್ಲಿನೂ ಕೆಂಪ ಐತಿ."

"ಎರಡೂ ಹೆಂಗ ಕೆಂಪಾಗ್ತಾವು?"

"ಅವ್ವ," ಎಂದರು. "ಅವ್ವ ಎಲ್ಲಾದಕ್ಕೂ ಕುಂಕುಮ ಹಚ್ಚಿದ್ಲಲ್ಲ, ಖಂಡೇ ಪೂಜಿಗೆ."

ಆಗ ನಾನು ಬಿಲ್ಲೆ ಉಜ್ಜಿ ನೋಡಿದ್ದು.

ಆಯುಧ ಪೂಜೆಯನ್ನು ನಮ್ಮ ಕಡೆ ಖಂಡೇ ಪೂಜೆ ಅನ್ನುತ್ತಾರೆ. ಕುಡುಗೋಲಿನಿಂದ ಹಿಡಿದು ಕಂಪ್ಯೂಟರಿನವರೆಗೆ ಯಾವುದಕ್ಕೂ ಅಂದು ಬೊಟ್ಟು ತಪ್ಪುವುದಿಲ್ಲ. ಕಾರ್ಖಾನೆಯಲ್ಲಿ ಕಿರಣ ತಾಗಿದ ಮಾಲು ಒಂದು ಕಡೆ, ತಾಗದ್ದು ಇನ್ನೊಂದು ಕಡೆ. ನಡುವಿನ ಬಾಗಿಲು ವರ್ಷವಿಡೀ ಬೀಗದಲ್ಲಿರುತ್ತದೆ. ಪೂಜೆಗೆಂದು ಅದನ್ನು ತೆರೆದರು. ಎಲ್ಲವನ್ನೂ ಒಂದೇ ಸಾಲಿಗೆ ತಂದು ಹೂವು ಏರಿಸಿದರು. ಶುಭವಾಗಲಿ ಎಂದು ಅತ್ತೆಯ ಕೈಯಿಂದಲೇ ಕುಂಕುಮ ಹಚ್ಚಿಸಿದರು. ಅತ್ತೆ ಪ್ರತಿ ಪೆಟ್ಟಿಗೆಯನ್ನೂ ತಡವಿ ನೋಡಿದಳು, ದುಂಡಗೆ ಉಬ್ಬಿದ ಜಾಗ ಕೈಗೆ ಸಿಕ್ಕಿತು. ಬೊಟ್ಟಿಗೆಂದೇ ಮಾಡಿದ ಹಣೆ ಎಂದುಕೊಂಡು ಧಾರಾಳವಾಗಿ ಬಳಿದಳು. ಪೆಟ್ಟಿಗೆಯ ನಂಬರು ಇದ್ದದ್ದೂ ಆ ಬಿಲ್ಲೆಯ ಮೇಲೆಯೇ. ಎಣ್ಣೆಗುಂಕುಮ ಕಾಗದಕ್ಕೆ ಇಂಗಿ, ಕೆಳಗಿನ ಬಣ್ಣ ಯಾವುದೆಂದು ಯಾವ ದೇವರೂ ಹೇಳುವಂತಿರಲಿಲ್ಲ.

ಉಳಿದ ಪೆಟ್ಟಿಗೆಯನ್ನಾದರೂ ಪರೀಕ್ಷಿಸೋಣವೆಂದರೆ, ಸುದ್ದಿ ಕೇಳಿದ ಕಾರ್ಖಾನೆಯ ದೊಡ್ಡವರೊಬ್ಬರು ಗಾಬರಿಯಲ್ಲಿ, ಇರಲಿ ಎಂದು ಅದನ್ನು ಮತ್ತೊಮ್ಮೆ ಯಂತ್ರದೊಳಗೆ ತಳ್ಳಿಬಿಟ್ಟಿದ್ದರು. ಮಹಾ ಬುದ್ಧಿವಂತಿಕೆ. ಇನ್ನು ಉಳಿದ ಸಾಕ್ಷಿ ಒಂದೇ. ಪ್ರತಿ ಪೆಟ್ಟಿಗೆ ತೆರೆದಾಗ ಒಂದು ಸೀಸೆಯನ್ನು ಬಳಸದೆ ತೆಗೆದಿಡುವುದು ನಮ್ಮ ಪದ್ಧತಿ. ಆ ಸೀಸೆಯನ್ನು ನನ್ನ ಲ್ಯಾಬಿಗೆ ಕಳಿಸಿದೆ. ಅದನ್ನು ಗಾಜಿನ ತಟ್ಟೆಗೆ ಹಚ್ಚಿ ಬೆಚ್ಚನೆಯ ಕಪಾಟಿನಲ್ಲಿಟ್ಟರು. ಇನ್ನು ಕಾಯುವುದು.

ಸಂಜೆಯೊಳಗೆ ಅಧಿಕಾರಿಗಳು ಬಂದು ಕಲ್ಯಾಣ ಮಂಟಪದ ಶಟರ್ ಎಳೆದು ಬೀಗ ಹಾಕಿದರು. ನಿಯಮವೇ ಹಾಗೆ, ಒಳಗಿನವರ ಉಸಿರು ಹೊರಗೆ ಹೋಗಬಾರದು. ಊಟ ಅಡುಗೆಮನೆಯ ಕಿಟಕಿಯಿಂದ ಬರುತ್ತಿತ್ತು. ವೇದಿಕೆಯ ಮೇಲೆ ಹಿಂದಿನ ಯಾರದೋ ಮದುವೆಯ ಥರ್ಮೋಕೋಲ್ ಅಕ್ಷರಗಳು ಅರ್ಧ ಉದುರಿದ್ದವು, ಅದರ ಕೆಳಗೆ ಕುರುಬರ ಕಂಬಳಿಗಳು ಸಾಲಾಗಿ ಹಾಸಿದ್ದವು. ವಧುವಿನ ಕೋಣೆಯಲ್ಲಿ ನಾನು ಮತ್ತು ಅತ್ತೆ. ನಾನು ಬಯಸಿದ್ದರೆ ಹೊರಗಿರಬಹುದಿತ್ತು. ಆದರೆ ಒಳಗಿನ ಎಲ್ಲರಲ್ಲಿ ಮೊದಲೇ ಲಸಿಕೆ ಪಡೆದು ಏನೂ ಆಗದವಳು ನಾನೊಬ್ಬಳೇ ಎನ್ನುವುದು ನನಗೆ ಅವಮಾನದಂತೆ ಕಾಣುತ್ತಿತ್ತು.

ಈ ತಳಿಗೆ ಬಗ್ಗುವ ಔಷಧಿ ಒಂದೇ ಇದೆ. ದಿನಕ್ಕೊಂದು ಸೂಜಿ, ಎರಡು ವಾರ. ರೋಗಾಣು ಕಣಗಳೊಳಗೆ ಬೇರು ಬಿಡುವ ಮುಂಚೆ, ಅಂದರೆ ಈಗಲೇ, ಶುರು ಮಾಡಬೇಕು. ಲಸಿಕೆ ಸರಿಯಿದ್ದಿದ್ದರೆ ಔಷಧಿ ಅದನ್ನೂ ಕೊಂದುಹಾಕುತ್ತದೆ, ಮತ್ತೆ ಮೊದಲಿಂದ ಲಸಿಕೆ ಹಾಕಬೇಕು. ಅದು ದೊಡ್ಡ ವಿಷಯವಲ್ಲ. ದೊಡ್ಡ ವಿಷಯವೆಂದರೆ ಈ ಔಷಧಿ ಕೆಲವರ ಕಿವಿ ತಿನ್ನುತ್ತದೆ. ಎಳೆಯರದು ಅಪರೂಪ, ವಯಸ್ಸಾದವರದು ಹೆಚ್ಚು. ಹೋದ ಕಿವಿ ಮರಳುವುದಿಲ್ಲ. ಕಾಯ್ದರೆ ಜ್ವರ, ಚುಚ್ಚಿದರೆ ಕಿವಿ. ಇತ್ತ ದರಿ, ಅತ್ತ ಪುಲಿ.

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ, ಕುಂಕುಮ ಹಚ್ಚಿದ ಕೈ ಯಾರದು ಎನ್ನುವುದೊಂದನ್ನು ಬಿಟ್ಟು. ಮಾಳಿಂಗಪ್ಪ ಕೇಳಿಸಿಕೊಂಡು ಎದ್ದು ನಿಂತ.

"ಒಂದ ಸೂಜಿ ನಂಬಿ ಇಲ್ಲಿ ಬಿದ್ದೇವಿ. ಈಗ ಇನ್ನೊಂದ ನಂಬ್ರಿ ಅಂತಿ. ನಮ್ಮ ಕುರಿ ಹೊರಗ ಪರದೇಶಿ ಆಗ್ಯಾವ. ನಾವು ಕಿವುಡಾದ್ರ ತ್ವಾಳ ಬಂದಿದ್ದ ಹೆಂಗ ಗೊತ್ತಾಗ್ತೈತಿ? ಬ್ಯಾಡವಾ."

ಹೆಂಗಸರು ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಯಾರೂ ತೋಳು ಚಾಚಲಿಲ್ಲ. ಆಗ ಗೋಡೆ ಹಿಡಿದುಕೊಂಡು ಅತ್ತೆ ನಡುವೆ ಬಂದಳು.

"ಮಾಳಿಂಗಪ್ಪ, ಮೊದಲ ತುತ್ತು ಉಂಡಾಕಿ ನಾನ. ಎರಡನೇದೂ ನನಗ ಇರಲಿ. ನಿನಗರ ಕಣ್ಣ ಅದಾವ, ತ್ವಾಳ ಕಾಣತೈತಿ. ನನ್ನ ನೋಡಿ ಧೈರ್ಯಾ ತಗೋ."

ಮಾಳಿಂಗಪ್ಪ ಮತ್ತೆ ಕಂಬಳಿಯ ಮೇಲೆ ಕೂತ. ನಾನು ಸಿರಿಂಜುಗಳನ್ನು ತುಂಬಲು ಹೋದೆ. ಅವಳು ಚುಚ್ಚಿಸಿಕೊಂಡರೆ ಉಳಿದವರು ಚುಚ್ಚಿಸಿಕೊಳ್ಳುತ್ತಾರೆ. ಅವಳ ಕಿವಿ ಹೋದರೆ ಅವಳಿಗೆ ಜಗತ್ತೇ ಇಲ್ಲ. ಅಡಕತ್ತರಿಯಲ್ಲಿ ಸಿಕ್ಕ ನಾನು ಒಂದು ಕಳ್ಳ ಕೆಲಸ ಮಾಡಿದೆ. ಅವಳ ಸಿರಿಂಜಿಗೆ ಔಷಧಿಯ ಬದಲು ಉಪ್ಪುನೀರು ತುಂಬಿದೆ.

ಎಲ್ಲರೂ ನೋಡುತ್ತಿದ್ದಂತೆ ಅತ್ತೆಗೆ ಚುಚ್ಚಿದೆ. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಮಾಳಿಂಗಪ್ಪ ಹಲ್ಲು ಕಚ್ಚಿದ, ಹೆಂಗಸರು ಹಾಯ್ ಎಂದರು, ಮಕ್ಕಳು ಲಬೋ ಎಂದು ಬಾಯಿ ಬಡಿದುಕೊಂಡವು. ಎಲ್ಲ ಮುಗಿಸಿ ಕೋಣೆಗೆ ಬಂದಾಗ ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು.

"ಮಂದಾ, ಎಲ್ಲಾರಿಗೂ ಉರೀತು. ನನಗ ಯಾಕ ಉರೀಲಿಲ್ಲ?"

ನಾನು ಕೋಣೆಯ ಬಾಗಿಲು ಎಳೆದುಕೊಂಡೆ.

"ನೀರ ಹಾಕಿದಿ ಹೌದಿಲ್ಲೋ? ನಾಳೆ ಖರೇದ್ದ ಹಾಕು."

"ಅತ್ತಿ, ನಿಮ್ಮ ವಯಸ್ಸಿಗೆ ಕಿವಿ ಹೋಗೂ ಸಂಭವ ಬಾಳ ಐತಿ. ಯಾರಿಗೂ ಗೊತ್ತಾಗೂದಿಲ್ಲ, ಹಿಂಗ ನಡೀಲಿ ಬಿಡ್ರಿ."

"ಹುಳಾ ಖರೇನ ಜೀವಂತ ಇದ್ರ? ನನ್ನ ಉಸಿರು ಇವರಿಗೆಲ್ಲಾ ತಾಗೂದಿಲ್ಲೇನು?" ಅವಳ ದನಿ ತಗ್ಗಿತು. "ಶಂಭು ಫೋನ್ ಮಾಡಿದಾಗ ನಾ ನಿನ್ನ ಬಾಜೂಕ ಕುಂತಿದ್ದೆ. ನನಗ ಇಲ್ಲದ್ದು ಕಣ್ಣ, ಕಿವಿ ಅಲ್ಲ."

ಇಷ್ಟು ಹೊತ್ತು ಇದನ್ನು ಅವಳಿಂದ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದೆ. ಎಲ್ಲ ತಿಳಿದೇ ಅವಳು ನಡುವೆ ಬಂದು ತೋಳು ಚಾಚಿದ್ದಳು.

"ದುಂಡಗ ಕೈಗೆ ಹತ್ತಿತು, ಬೊಟ್ಟಿಡಾಕ ಜಾಗಾ ಮಾಡ್ಯಾರ ಅನಕೊಂಡೆ," ಎಂದಳು. ಸಂಚಿಯಿಂದ ಭರಣಿ ತೆಗೆದು ನನ್ನ ಕೈಗಿಟ್ಟಳು. "ಇದು ನಿನ್ನ ಹತ್ರ ಇರಲಿ. ನಿನ್ನ ಗಾಜಿನ ತಟ್ಟಿ ಏನ ಹೇಳತೈತಿ ನೋಡು. ನನ್ನ ಕೈಯಿಂದ ತಪ್ಪಾಗಿದ್ರ ನನಗ ತಿರುಗಿ ಕೊಡಬ್ಯಾಡ, ನಾ ಮತ್ತ ಮುಟ್ಟೂದಿಲ್ಲ. ತಪ್ಪಾಗಿರದಿದ್ರ ತಂದ ಕೈಯಾಗ ಇಡು. ಆವಾಗ ನೀ ಬಾಯಿಲೆ ಹೇಳಿದ್ರ ನನಗ ಕೇಳೂದಿಲ್ಲೋ ಏನೋ."

ಮರುದಿನದಿಂದ ಖರೇದ್ದನ್ನೇ ಹಾಕಿದೆ.

ಮೊದಮೊದಲು ಏನೂ ಇರಲಿಲ್ಲ. ದಿನವೂ ಹೊತ್ತಿಳಿಯುವಾಗ ಮಾಳಿಂಗಪ್ಪನ ಬೀಗರು ಹಟ್ಟಿಯ ಕುರಿಗಳನ್ನು ಮಂಟಪದ ಮುಂದೆ ಹಾಯಿಸಿಕೊಂಡು ಹೋಗುತ್ತಿದ್ದರು. ಯಾರಿಗೂ ಕೇಳುವ ಮುಂಚೆ ಅತ್ತೆ ತಲೆ ಎತ್ತಿ, "ಬಂದ್ವು ನೋಡು ನಿಮ್ಮವು, ಮುಂದಿಂದರ ಗಂಟಿ ಒಡದೈತಿ," ಎನ್ನುವಳು. ಕುರುಬರೆಲ್ಲ ಕಿಟಕಿಗೆ ಮುಗಿಬೀಳುವರು. ಇಡೀ ದಿನದಲ್ಲಿ ಆ ಜನ ನಗುತ್ತಿದ್ದುದು ಆಗ ಮಾತ್ರ.

ಆಮೇಲೆ ಅವಳ ಕಿವಿಯಲ್ಲಿ ಜೀರುಂಡೆ ಕೂಗತೊಡಗಿತು. ಸೂಜಿ ನಿಲ್ಲಿಸೋಣ ಎಂದೆ. "ಈಗ ನಿಲ್ಲಿಸಿದ್ರ ಅವ್ರೂ ನಿಲ್ಲಸ್ತಾರ," ಎಂದಳು. ಅದು ನನಗೂ ಗೊತ್ತಿತ್ತು. ಅವಳೇ ಮುಂದಾಗಿ ಪಾಠ ಶುರು ಮಾಡಿದಳು. ಅಂಗೈ ಮೇಲೆ ಒಂದು ಬೆರಳು ಬಡಿದರೆ ಚಹಾ. ಐದೂ ಬೆರಳು ಕೂಡಿಸಿ ಇಟ್ಟರೆ ಊಟ. ಕಿರುಬೆರಳು ಎಳೆದರೆ ಸ್ನಾನ. ಗಲ್ಲದ ಮೇಲೆ ಕೈಯ ಹಿಂಭಾಗ ಆಡಿಸಿದರೆ ಶಂಭು ಬಂದಿದ್ದಾನೆ, ಅವನ ಗಡ್ಡದ ಗುರುತು. ಕಂಬಳಿಯ ಚುಂಗು ಮುಟ್ಟಿಸಿದರೆ ಮಾಳಿಂಗಪ್ಪ. ನಾನು, ಹೌದು ಅನ್ನುವುದಕ್ಕೆ ಮುಂಗೈ ಒತ್ತುತ್ತೇನೆ, ಬೇಡ ಅನ್ನುವುದಕ್ಕೆ ಏನು ಮಾಡಲಿ ಎಂದು ಅವಳ ಕಿವಿಗೆ ಬಾಯಿಟ್ಟು ಕೂಗಿ ಕೇಳಿದೆ.

"ಬ್ಯಾಡ ಅನ್ನಾಕ ಗುರುತ ಮಾಡಬ್ಯಾಡ," ಎಂದಳು. "ಕಣ್ಣಿಲ್ಲದಾಕಿ ಅಂತ ಹುಟ್ಟಿದಾಗಿಂದ ಎಲ್ಲಾರೂ ಅದನ್ನ ಹೇಳ್ಯಾರ. ಒಲಿ ಹಂತೇಕ ಬ್ಯಾಡ, ಹೊರಗ ಬ್ಯಾಡ, ಜಾತ್ರಿಗೆ ಬ್ಯಾಡ. ಇನ್ನ ಸಾಕು."

ಒಂದು ಸಂಜೆ ಕುರಿಗಳು ಬಂದವು. ಒಡಕು ಗಂಟೆ ನನಗೇ ಕೇಳಿಸಿತು. ಮಕ್ಕಳು ಕಿಟಕಿಗೆ ಓಡಿದವು. ಅತ್ತೆ ಗೋಡೆಗೊರಗಿ ಕೂತಿದ್ದಳು, ತಲೆ ಎತ್ತಲಿಲ್ಲ. ಅವಳ ಮುಖ ಕಾಯುತ್ತಿತ್ತು. ಕುರಿಗಳು ದಾಟಿಹೋದ ಎಷ್ಟೋ ಹೊತ್ತಿನ ಮೇಲೂ ಕಾಯುತ್ತಿತ್ತು. ಮಾಳಿಂಗಪ್ಪ ಕಿಟಕಿ ಬಿಟ್ಟು ಬಂದು, ತನ್ನ ಕಂಬಳಿಯ ಚುಂಗನ್ನು ಅವಳ ಕೈಗೆ ಮುಟ್ಟಿಸಿ ಪಕ್ಕದಲ್ಲಿ ಕೂತ. "ಬಂದ್ವೇನು?" ಎಂದು ಅತ್ತೆ ಕೇಳಿದಳು, ಅಳತೆ ತಪ್ಪಿದ ಜೋರು ದನಿಯಲ್ಲಿ. ಆತ ಅವಳ ಮುಂಗೈ ಒತ್ತಿದ. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅಷ್ಟು ಜೋರಾಗಿ ಅಳುವ ಸ್ವಾತಂತ್ರ್ಯ ನನಗೆ ನಮ್ಮ ಮನೆಯಲ್ಲಿ ಹಿಂದೆಂದೂ ಇರಲಿಲ್ಲ, ಅವಳಿಗೆ ಕೇಳಿಬಿಡುತ್ತಿತ್ತು.

ಆಗ ನನಗೆ ನನ್ನ ರೋಗಾಣುಗಳು ನೆನಪಾದವು. ಜೀವ ಇದೆ, ಉಸಿರಿದೆ, ಒಳಗೊಳಗೇ ಎಲ್ಲ ನಡೆಯುತ್ತಿದೆ. ಒಂಟಿತನ ದಾಟುವ ದಾರಿ ಮಾತ್ರ ಇಲ್ಲ. ಇಷ್ಟು ವರ್ಷ ಅದನ್ನು ಸುರಕ್ಷಿತ ಎಂದು ಬರೆಯುತ್ತ ಬಂದವಳು ನಾನು.

ಸೂಜಿಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಶಂಭು ಅಡುಗೆಮನೆಯ ಕಿಟಕಿಗೆ ಬಂದರು. ಕೈಯಲ್ಲಿ ಬಿಗಿಯಾಗಿ ಮುಚ್ಚಿ ಮೊಹರು ಮಾಡಿದ ಗಾಜಿನ ತಟ್ಟೆ. ಸರಳುಗಳ ಆಚೆಯಿಂದ ಬೆಳಕಿಗೆ ಹಿಡಿದರು. ಒಂದು ಚುಕ್ಕೆ ಇರಲಿಲ್ಲ. ತಿಳಿಯಾದ ಗಂಜಿ ಹೆಪ್ಪುಗಟ್ಟಿದಂತೆ ತಟ್ಟೆ ಖಾಲಿ ಖಾಲಿ.

"ಎಲ್ಲಾ ತಟ್ಟಿನೂ ಹಿಂಗ ಅದಾವ," ಎಂದರು. "ಕಿರಣ ತಾಗಿದ ಪೆಟ್ಟಿಗಿನ ನೀವು ಒಯ್ದಿದ್ರಿ. ಕುಂಕುಮದ ಕೆಳಗ ಬಿಲ್ಲಿ ಕೆಂಪನ ಇತ್ತು." ತಟ್ಟೆಯನ್ನು ಕೆಳಗಿಳಿಸಿದರು. "ಅವ್ವಗ ಏನ ಹೇಳ್ತಿ, ಮಂದಾ?"

ಮಂಟಪದ ತುಂಬ ಸುದ್ದಿ ಹಬ್ಬಿ ಜನ ಕುಣಿದಾಡಿದರು. ನಾನು ಭರಣಿ ಹಿಡಿದು ಕೋಣೆಯ ಹೊಸ್ತಿಲಲ್ಲಿ ನಿಂತೆ. ಭರಣಿ ಕೊಟ್ಟರೆ, ಅತ್ತೆ, ನಿಮ್ಮ ಕೈಯಿಂದ ಯಾರಿಗೂ ಕೇಡಾಗಲಿಲ್ಲ ಎಂದು ಹೇಳಿದಂತೆ. ಅದೇ ಉಸಿರಿನಲ್ಲಿ, ನಿಮ್ಮ ಕಿವಿ ಸುಮ್ಮನೇ ಹೋಯಿತು ಎಂದೂ ಹೇಳಿದಂತೆ. ಕೊಡದಿದ್ದರೆ, ಇಷ್ಟು ಜನರನ್ನು ನಿಮ್ಮ ಕಿವಿ ಕೊಟ್ಟು ಉಳಿಸಿದಿರಿ ಎಂದಂತೆ. ಆದರೆ ಆ ಕೈ ಕೆಟ್ಟದ್ದು ಎಂದುಕೊಂಡೇ ಅವಳು ಆ ಕತ್ತಲಲ್ಲಿ, ಆ ಮೌನದಲ್ಲಿ ಉಳಿದ ದಿನವೆಲ್ಲ ಕೂರಬೇಕು. ಸುಳ್ಳಿನಲ್ಲಿ ಗೌರವವಿತ್ತು. ನಾನು ಅವಳ ಸಿರಿಂಜಿನಲ್ಲಿ ಒಮ್ಮೆ ನೀರು ತುಂಬಿದವಳು. ಎರಡನೇ ಸಲ ಮೋಸ ಮಾಡಲು ಮನಸ್ಸು ಬರಲಿಲ್ಲ. ಹತ್ತಿರ ಹೋಗಿ, ಅವಳ ಅಂಗೈ ಬಿಡಿಸಿ, ಭರಣಿ ಇಟ್ಟೆ.

ಅವಳು ಅದನ್ನು ತಡವಿದಳು. ಮುಚ್ಚಳ ತೆಗೆದು ಮೂಸಿದಳು. ಇಡೀ ಮಂಟಪಕ್ಕೆ ಕೇಳುವ ದನಿಯಲ್ಲಿ ಅಂದಳು, "ಹಂಗಾರ ಕಿವಿ ಸುಮ್ಮನ ಹೋತು."

ಹೊರಗೆ ಕುಣಿಯುತ್ತಿದ್ದವರು ನಿಂತುಬಿಟ್ಟರು.

"ಹೋಗ್ಲಿ. ಕೈ ಉಳೀತು." ಅವಳು ಕುಂಕುಮದಲ್ಲಿ ಬೆರಳದ್ದಿ ನನ್ನ ಮುಖ ತಡವಿದಳು. ಮೂಗು, ಕಣ್ಣು, ಕಣ್ಣಿನ ಕೆಳಗಿನ ತೇವ, ಹುಬ್ಬು. ಹಣೆ ಸಿಕ್ಕಿದ ಮೇಲೂ ಎರಡು ಸಲ ಮುಟ್ಟಿ ಖಾತ್ರಿ ಮಾಡಿಕೊಂಡು ಬೊಟ್ಟಿಟ್ಟಳು. "ಅಳಬ್ಯಾಡ. ಔಷಧಿ ಲಸಿಕಿ ಕೊಂದೈತಿ ಅಂತಿದ್ದಿ. ಮತ್ತ ಹೊಸ ಪೆಟ್ಟಿಗಿ ತರಬೇಕಲ್ಲ?"

ನಾನು ಅವಳ ಮುಂಗೈ ಒತ್ತಿದೆ.

ಶಟರ್ ಏಳುವ ಸದ್ದಾಯಿತು, ಬೆಳಕು ಒಳಗೆ ನುಗ್ಗಿತು, ಜನ ಹೊರಗೆ ಓಡಿದರು. ಮಾಳಿಂಗಪ್ಪ ಮಾತ್ರ ಬಾಗಿಲ ಬಳಿಯೇ ನಿಂತು ನಮ್ಮತ್ತ ನೋಡುತ್ತಿದ್ದ. ಹೊಸ ಪೆಟ್ಟಿಗೆಯನ್ನು ಅವನ ಜನ ನಂಬಬೇಕಾದರೆ ಏನು ಬೇಕೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅತ್ತೆ ಸೆರಗು ಸರಿಸಿ, ಕುಪ್ಪಸದ ತೋಳು ಮೇಲೇರಿಸಿ, ಬರಿಯ ತೋಳನ್ನು ನನ್ನ ಕಡೆ ಚಾಚಿದಳು.

"ಮೊದಲ ತುತ್ತು ನಂದ," ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಅಂಗೈ, ಕಿರುಬೆರಳು, ಮುಂಗೈ ಎಲ್ಲ ಮುಟ್ಟಿದೆ. ಬೇಡ ಅನ್ನುವುದಕ್ಕೆ ನಾವು ಗುರುತು ಮಾಡಿಕೊಂಡಿರಲಿಲ್ಲ.